ಮೊದಲು ನೀರು ನಿಲ್ಲಲಿ, ರಿಪೇರಿ ಆಮೇಲೆ

ಪ್ರಶ್ನೆ: ಬಚ್ಚಲುಮನೆಯ ನಲ್ಲಿ ಕೈಗೇ ಕಿತ್ತು ಬಂತು. ಗೋಡೆಯಿಂದ ನೀರು ರಭಸವಾಗಿ ಚಿಮ್ಮಿತು, ಬಟ್ಟೆ ತುರುಕಿದರೂ ನಿಲ್ಲಲಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ಏನು ಮಾಡಬೇಕು?

ಉತ್ತರ: ಬಟ್ಟೆ ಬಿಟ್ಟು ವಾಲ್ವ್ ಕಡೆ ಹೋಗಿ. ಬಚ್ಚಲುಮನೆಗೇ ಪ್ರತ್ಯೇಕ ವಾಲ್ವ್ ಇದ್ದರೆ ಅದನ್ನು ಮುಚ್ಚಿ. ಇಲ್ಲದಿದ್ದರೆ ಓವರ್‌ಹೆಡ್ ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿನ ವಾಲ್ವ್, ನೇರ ಸರಬರಾಜಿನ ನೀರಾದರೆ ಮೀಟರಿನ ಪಕ್ಕದ ವಾಲ್ವ್. ಉದ್ದ ಹಿಡಿಯ ಬಾಲ್ ವಾಲ್ವ್ ಆದರೆ ಕಾಲು ಸುತ್ತು ಸಾಕು, ಹಿಡಿ ಪೈಪಿಗೆ ಅಡ್ಡ ನಿಂತರೆ ಮುಚ್ಚಿದೆ ಎಂದರ್ಥ. ಚಕ್ರದಂಥ ಹಿಡಿಯ ಗೇಟ್ ವಾಲ್ವನ್ನು ಬಲಕ್ಕೆ ಹಲವು ಸುತ್ತು ತಿರುಗಿಸಬೇಕು. ಪಂಪ್ ಓಡುತ್ತಿದ್ದರೆ ನಿಲ್ಲಿಸಿ. ಕಿತ್ತು ಬಂದದ್ದು ಬಿಸಿನೀರಿನ ನಲ್ಲಿಯಾದರೆ ಗೀಸರ್ ಸ್ವಿಚ್ಚನ್ನೂ ಆರಿಸಿ. ಪೈಪಿನಲ್ಲಿ ಉಳಿದ ನೀರು ಇನ್ನೂ ಸ್ವಲ್ಪ ಹೊತ್ತು ಸುರಿಯುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ನಲ್ಲಿಯನ್ನು ತೆರೆದಿಟ್ಟರೆ ಅಲ್ಲಿಂದ ಬೇಗ ಇಳಿದುಹೋಗುತ್ತದೆ.

ನೀರು ನಿಂತ ಮೇಲೆ ಗೋಡೆಯೊಳಗೆ ನೋಡಿ. ಮರೆ (ನಲ್ಲಿಯನ್ನು ತಿರುಗಿಸಿ ಕೂರಿಸುವ ಸುರುಳಿ ಗೆರೆ, ಅಂದರೆ ಥ್ರೆಡ್) ಚೆನ್ನಾಗಿದ್ದರೆ 15 ಮಿ.ಮೀ. ಎಂಡ್ ಪ್ಲಗ್ಗಿಗೆ (ಪೈಪಿನ ಬಾಯಿ ಮುಚ್ಚುವ ಬಿರಡೆ) ಟೆಫ್ಲಾನ್ ಟೇಪ್ ಸುತ್ತಿ ಬಿಗಿಯಿರಿ, ಮನೆಗೆಲ್ಲ ಮತ್ತೆ ನೀರು ಬಿಡಬಹುದು. ಟೇಪನ್ನು ಮರೆಯ ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಬಲಕ್ಕೇ ಸುತ್ತಬೇಕು. ಎಡಕ್ಕೆ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಂಡು ಬರುತ್ತದೆ. ತೆಳು ಟೇಪಾದರೆ 10ರಿಂದ 15 ಸುತ್ತು ಬೇಕು. ನಲ್ಲಿಯ ತುದಿ ಒಳಗೇ ಮುರಿದು ಉಳಿದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಆ ತುಂಡಿನ ಒಳಮೈಯಲ್ಲಿ ಉದ್ದಕ್ಕೆ ಎರಡು ಸೀಳು ಹಾಕಿ, ನಡುವಿನ ಚೂರನ್ನು ಸ್ಕ್ರೂಡ್ರೈವರಿನಿಂದ ಒಳಕ್ಕೆ ಮಡಿಚಿ ತೆಗೆಯಬಹುದು. ಆದರೆ ಗೋಡೆಯೊಳಗಿನ ಎಲ್ಬೋ (ಬಾಗಿದ ಜೋಡಣೆ) ಮರೆಗೆ ಬ್ಲೇಡ್ ತಾಗಿದರೆ ಗೋಡೆ ಒಡೆಯುವ ಕೆಲಸವಾಗುತ್ತದೆ. ಕೈ ಅಳುಕಿದರೆ ಪ್ಲಂಬರ್ ಬರುವವರೆಗೆ ವಾಲ್ವ್ ಮುಚ್ಚಿಯೇ ಇರಲಿ.

ಪ್ರಶ್ನೆ: ನಮ್ಮ ಗೇಟ್ ವಾಲ್ವ್ ವರ್ಷಗಳಿಂದ ತಿರುಗಿಸದೆ ಜಡಿದುಕೊಂಡಿದೆ. ಪೈಪ್ ರೆಂಚ್ ಹಾಕಿ ತಿರುಗಿಸಲೇ?

ಉತ್ತರ: ಬೇಡ. ರೆಂಚಿನ ಬಲಕ್ಕೆ ಒಳಗಿನ ಸ್ಪಿಂಡಲ್ ತುಂಡಾಗುತ್ತದೆ. ಆಮೇಲೆ ಹಿಡಿ ಸುತ್ತುತ್ತಲೇ ಇರುತ್ತದೆ, ವಾಲ್ವ್ ಮುಚ್ಚುವುದಿಲ್ಲ. ಹಿಡಿಯ ಬುಡದಲ್ಲಿರುವ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತಿನಷ್ಟು ಸಡಿಲಿಸಿ, ಒಂದೆರಡು ಹನಿ ತುಕ್ಕುಬಿಡಿಸುವ ಎಣ್ಣೆ ಬಿಟ್ಟು, ಕೈಯಿಂದಲೇ ಹಿಂದಕ್ಕೂ ಮುಂದಕ್ಕೂ ಚೂರುಚೂರೇ ಅಲುಗಿಸಿ. ಬಿಟ್ಟುಕೊಂಡ ಮೇಲೆ ನಟ್ ಮತ್ತೆ ಬಿಗಿಯಿರಿ. ಪೂರ್ತಿ ತೆರೆದಾಗಲೂ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಇಡಿ, ಆರು ತಿಂಗಳಿಗೊಮ್ಮೆ ಮುಚ್ಚಿ ತೆರೆಯಿರಿ. ಬದಲಿಸುವ ಸಂದರ್ಭ ಬಂದರೆ ಬಾಲ್ ವಾಲ್ವನ್ನೇ ಹಾಕಿಸಿ.

ಪ್ರಶ್ನೆ: ಸಿಪಿವಿಸಿ (ಬಿಸಿನೀರನ್ನೂ ತಾಳುವ ಪ್ಲಾಸ್ಟಿಕ್) ಪೈಪಿನಲ್ಲಿ ಸೀಳು ಬಿಟ್ಟಿದೆ. ಎಪಾಕ್ಸಿ ಪುಟ್ಟಿ ಮೆತ್ತಿದೆ, ಒಂದು ಗಂಟೆಯಲ್ಲೇ ಕಿತ್ತುಹೋಯಿತು. ಏಕೆ?

ಉತ್ತರ: ನೀರು ಹರಿಯುತ್ತಿರುವಾಗಲೇ ಮೆತ್ತಿರಬೇಕು. ಪುಟ್ಟಿ ಗಟ್ಟಿಯಾಗುವ ಮೊದಲೇ ಒಳಗಿನ ಒತ್ತಡ ಅದನ್ನು ಎಬ್ಬಿಸಿಬಿಡುತ್ತದೆ. ಒಂದು ರಾತ್ರಿಯ ಮಟ್ಟಿಗೆ ಸೈಕಲ್ ಟ್ಯೂಬೇ ಅದಕ್ಕಿಂತ ವಾಸಿ. ವಾಲ್ವ್ ಮುಚ್ಚಿ, ಸೀಳಿನ ಎರಡೂ ಬದಿ 5 ಸೆಂ.ಮೀ. ಆಚೆಯವರೆಗೂ ಮುಚ್ಚುವಂಥ ರಬ್ಬರ್ ತುಂಡು ಸುತ್ತಿ, ಮೇಲೆ ಎರಡು ಮೂರು ಹೋಸ್ ಕ್ಲಿಪ್ ಬಿಗಿಯಿರಿ. ಒಂದು ಕ್ಲಿಪ್ ಸೀಳಿನ ಮೇಲೆಯೇ ಇರಲಿ. ವಾಲ್ವನ್ನು ಅರ್ಧದಷ್ಟೇ ತೆರೆದು, ನೀರು ಬೇಕಾದಾಗ ಮಾತ್ರ ಬಿಡಿ.

ಶಾಶ್ವತ ರಿಪೇರಿ ಎಂದರೆ ಸೀಳಿದ ತುಂಡನ್ನು ಕತ್ತರಿಸಿ ತೆಗೆದು, ಹೊಸ ತುಂಡನ್ನು ಎರಡೂ ತುದಿಯಲ್ಲಿ ಜೋಡಿಸುವುದೇ. ಕಣ್ಣಿಗೆ ಕಾಣುವ ಸೀಳಿನ ಆಚೆಗೂ ಕೂದಲೆಳೆಯ ಬಿರುಕು ಸಾಗಿರುತ್ತದೆ, ಆದ್ದರಿಂದ ಎರಡೂ ಕಡೆ ಇನ್ನೂ 5 ಸೆಂ.ಮೀ. ಸೇರಿಸಿ ಕತ್ತರಿಸಿ. ಗೋಡೆಗೆ ಭದ್ರವಾಗಿ ಕೂತ ಪೈಪು ಹಿಂದೆ ಮುಂದೆ ಸರಿಯುವುದಿಲ್ಲ, ಹಾಗಾಗಿ ಒಂದು ತುದಿಗೆ ಕಪ್ಲರ್ (ಎರಡು ಪೈಪು ಜೋಡಿಸುವ ತುಂಡು) ಹಾಕಿದ ಮೇಲೆ ಇನ್ನೊಂದು ತುದಿಗೆ ಎರಡನೆಯದನ್ನು ಕೂರಿಸಲು ಆಗುವುದಿಲ್ಲ. ಅಲ್ಲಿ ಯೂನಿಯನ್ (ನಟ್ಟಿನಿಂದ ಬಿಚ್ಚಿ ಜೋಡಿಸಬಹುದಾದ ಜೋಡಣೆ) ಹಾಕಿ. ಕತ್ತರಿಸಿದ ಅಂಚಿನ ಸಿಬಿರು ಕೆರೆದು, ಒಣಬಟ್ಟೆಯಿಂದ ಒರೆಸಿ, ಎರಡೂ ಮೈಗೆ ಸಿಪಿವಿಸಿಯದೇ ಸಾಲ್ವೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒಳಕ್ಕೆ ತಳ್ಳಿ 30 ಸೆಕೆಂಡ್ ಅದುಮಿ ಹಿಡಿಯಿರಿ. ಬೇಗ ಕೈಬಿಟ್ಟರೆ ಪೈಪು ತಾನೇ ಹೊರಕ್ಕೆ ಜಾರುತ್ತದೆ. ಮೇಲಿನ ವಾಲ್ವ್ ಸರಿಯಾಗಿ ಮುಚ್ಚದೆ ಒಂದೊಂದೇ ಹನಿ ಬರುತ್ತಿದ್ದರೆ ಅಂಟಿಸಲು ಹೋಗಲೇಬೇಡಿ. ಒದ್ದೆ ಮೈಗೆ ಸಾಲ್ವೆಂಟ್ ಹಿಡಿಯುವುದಿಲ್ಲ, ಹೆಚ್ಚಿನ ರಿಪೇರಿ ಸೋಲುವುದು ಇಲ್ಲೇ. ನೀರು ಬಿಡುವ ಮೊದಲು ಸಾಲ್ವೆಂಟ್ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ.

ಪ್ರಶ್ನೆ: ಗೀಸರ್ ಕೆಳಗಿನ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ. ಪ್ಲಗ್ ಹಾಕಿ ಮುಚ್ಚಬಹುದೇ?

ಉತ್ತರ: ಯಾವ ಕಾರಣಕ್ಕೂ ಮುಚ್ಚಬೇಡಿ. ಅದು ಸೇಫ್ಟಿ ವಾಲ್ವ್. 25 ಲೀಟರ್ ನೀರು 20 ಡಿಗ್ರಿಯಿಂದ 65 ಡಿಗ್ರಿಗೆ ಕಾಯ್ದಾಗ ಸುಮಾರು ಅರ್ಧ ಲೀಟರಿನಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹೋಗಲು ನಾನ್-ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಬಿಡದಿದ್ದರೆ ಆ ನೀರು ಹೊರಬರುವ ದಾರಿ ಅದೊಂದೇ. ಅದನ್ನು ಕಟ್ಟಿದರೆ ಟ್ಯಾಂಕೇ ಸಿಡಿಯಬಹುದು. ಕಾಯುವಾಗ ಮಾತ್ರ ತೊಟ್ಟಿಕ್ಕಿ ಆಮೇಲೆ ನಿಂತರೆ ಅದು ಸಹಜ. ತಣ್ಣಗಿದ್ದಾಗಲೂ ಹನಿಯುತ್ತಿದ್ದರೆ ವಾಲ್ವಿನಲ್ಲಿ ಕಸ ಕೂತಿರಬಹುದು ಅಥವಾ ನೀರಿನ ಒತ್ತಡ ಹೆಚ್ಚಿರಬಹುದು, ತೋರಿಸಿ. ಕುದಿನೀರು ಅಥವಾ ಹಬೆ ಬಂದರೆ ಥರ್ಮೋಸ್ಟಾಟ್ ಕೆಟ್ಟಿದೆ ಎಂದೇ ತಿಳಿಯಿರಿ. ದೂರದ ಎಂಸಿಬಿಯಿಂದ (ವಿದ್ಯುತ್ ಬೋರ್ಡಿನ ಸುರಕ್ಷತಾ ಸ್ವಿಚ್) ವಿದ್ಯುತ್ ಕಡಿದು, ಗೀಸರ್ ತಾನಾಗಿ ತಣ್ಣಗಾಗುವವರೆಗೆ ಹತ್ತಿರ ಹೋಗಬೇಡಿ.

ಪ್ರಶ್ನೆ: ಫ್ಲಶ್ ಮಾಡಿದರೆ ಕಮೋಡಿನ ನೀರು ಅಂಚಿನವರೆಗೆ ಏರುತ್ತದೆ, ಬಚ್ಚಲಿನ ನೆಲದ ಜಾಲರಿಯಿಂದಲೂ ಕೊಳಕು ನೀರು ಉಕ್ಕುತ್ತದೆ. ಆಸಿಡ್ ಸುರಿಯಲೇ?

ಉತ್ತರ: ಸುರಿಯಬೇಡಿ. ಮೊದಲೇ ಬ್ಲೀಚ್ ಹಾಕಿದ್ದರೆ ಆಸಿಡ್ ತಾಗಿದೊಡನೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಇಲ್ಲದಿದ್ದರೂ ಆಮೇಲೆ ಪ್ಲಂಜರ್ ಒತ್ತುವಾಗ ಮುಖಕ್ಕೆ ಸಿಡಿಯುತ್ತದೆ. ನೀರು ಏರುತ್ತಿದ್ದಾಗಲೇ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಬುಡದ ರಬ್ಬರ್ ಬಿರಡೆಯನ್ನು ಒತ್ತಿ ಕೂರಿಸಿ, ಪಕ್ಕದ ಆಂಗಲ್ ಕಾಕ್ (ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಸಣ್ಣ ವಾಲ್ವ್) ಮುಚ್ಚಿ.

ಕಮೋಡ್ ಒಂದೇ ಏರಿದ್ದರೆ ಅದರ ಬಾಗಿದ ಕುತ್ತಿಗೆಯಲ್ಲೇ ಏನೋ ಸಿಕ್ಕಿಕೊಂಡಿದೆ. ಪ್ಲಂಜರಿನ ಬಟ್ಟಲು ನೀರಿನಲ್ಲಿ ಮುಳುಗಿರುವಂತೆ ಕೂರಿಸಿ, 15–20 ಸಲ ಒತ್ತಿ ಎಳೆಯಿರಿ. ಎಳೆತವೂ ಒತ್ತಿದಷ್ಟೇ ಮುಖ್ಯ. ನಿಮ್ಮಲ್ಲಿ ಎರಡೂ ಕಡೆ ಉಕ್ಕುತ್ತಿರುವುದರಿಂದ ತೊಡಕು ಮುಂದಿನ ಪೈಪಿನಲ್ಲಿದೆ. ಮನೆಯಲ್ಲಿ ಎಲ್ಲೂ ನೀರು ಬಳಸದೆ ಹೊರಗಿನ ಚೇಂಬರಿನ (ಕೊಳಚೆ ಪೈಪಿನ ತಪಾಸಣೆ ಗುಂಡಿ) ಮುಚ್ಚಳ ತೆಗೆದು ನೋಡಿ. ಚೇಂಬರ್ ತುಂಬಿ ನಿಂತಿದ್ದರೆ ಅಲ್ಲಿಂದ ಆಚೆ ಕಟ್ಟಿದೆ, ಖಾಲಿ ಇದ್ದರೆ ಮನೆಗೂ ಚೇಂಬರಿಗೂ ನಡುವೆ. ಇಷ್ಟು ಹೇಳಿದರೆ ಬರುವವರು ಪೈಪಿನ ತೊಡಕು ಬಿಡಿಸುವ ಸ್ಪ್ರಿಂಗನ್ನು ಸರಿಯಾದ ಉದ್ದದ್ದೇ ತರುತ್ತಾರೆ. ಚೇಂಬರಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಯಾರನ್ನೂ ಇಳಿಸಬೇಡಿ. ವಾಸನೆ ಬರದಿದ್ದರೆ ಗಾಳಿ ಸರಿಯಿದೆ ಎಂದಲ್ಲ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ಅದರ ವಾಸನೆಯೇ ತಿಳಿಯದಂತಾಗುತ್ತದೆ, ಕೆಲವೇ ಉಸಿರಿನಲ್ಲಿ ಪ್ರಾಣ ಹೋಗುತ್ತದೆ.

ಪ್ರಶ್ನೆ: ಸೀಲಿಂಗಿನ ದೀಪದ ಪಕ್ಕದಲ್ಲೇ ನೀರು ಸೋರುತ್ತಿದೆ.

ಉತ್ತರ: ಆ ದೀಪದ ಸ್ವಿಚ್ ಮುಟ್ಟಬೇಡಿ, ಮೇನ್ ಸ್ವಿಚ್ ಆರಿಸಿ. ಮೇನ್ ಬೋರ್ಡಿಗೆ ಹೋಗುವ ದಾರಿಯಲ್ಲೇ ನೀರು ನಿಂತಿದ್ದರೆ ಹೆಜ್ಜೆ ಇಡದೆ ವಿದ್ಯುತ್ ಸರಬರಾಜಿನವರನ್ನು ಕರೆಯಿರಿ. ಆಮೇಲೆ ನೀರಿನ ವಾಲ್ವ್.

ಪ್ರಶ್ನೆ: ಎಲ್ಲೂ ಸೋರಿಕೆ ಕಾಣದು, ಆದರೂ ಟ್ಯಾಂಕು ಬೇಗ ಖಾಲಿಯಾಗುತ್ತದೆ.

ಉತ್ತರ: ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಎರಡು ಗಂಟೆ ಬಿಡಿ. ಮಟ್ಟ ಇಳಿದರೆ ಒಂದೊಂದೇ ಲೈನಿನ ವಾಲ್ವ್ ಮುಚ್ಚಿ ಅದನ್ನೇ ಮತ್ತೆ ಮಾಡಿ. ಯಾವ ಲೈನ್ ಮುಚ್ಚಿದಾಗ ಇಳಿಯುವುದು ನಿಲ್ಲುತ್ತದೋ ಸೋರಿಕೆ ಅದರಲ್ಲಿದೆ. ಅದಕ್ಕೂ ಮೊದಲು ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಇಳಿದರೆ ಗೋಡೆ ಒಡೆಸಬೇಕಾಗಿಲ್ಲ, ರಬ್ಬರ್ ಬಿರಡೆ ಬದಲಿಸಿ ನೋಡಿ.