ಬಾಕ್ಸ್ ಬಂತು ಅಂತ ಅಡುಗೆ ಚಿಂತೆ ಹೋಗುತ್ತಾ?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. 11 ಮತ್ತು 6 ವರ್ಷದ ಇಬ್ಬರು ಮಕ್ಕಳು. ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಸಂಜೆ ಮನೆಗೆ ಬಂದ ಕೂಡಲೇ ಇವತ್ತೇನು ಅಡುಗೆ ಅನ್ನುವುದೇ ತಲೆನೋವು. ಅಳೆದಿಟ್ಟ ಸಾಮಾನನ್ನು ಅಡುಗೆ ವಿಧಾನದ ಕಾರ್ಡಿನ ಜೊತೆ ಬಾಕ್ಸಿನಲ್ಲಿ ಮನೆಗೆ ಕಳಿಸುವ ಹಲೋಫ್ರೆಶ್ ಥರದ ಕಿಟ್ ತರಿಸಿ ಅಂತ ಕೆಲವರು, ವಾರದ ಅಡುಗೆ ಯೋಜಿಸುವ ಒಂದು ಆಪ್ ಇದ್ದರೆ ಸಾಕು ಅಂತ ಇನ್ನು ಕೆಲವರು. ಯಾವುದು ಒಳ್ಳೆಯದು?

ಉತ್ತರ: ನಿಮಗೆ ಕಷ್ಟವಾಗುತ್ತಿರುವುದು ಯಾವುದು? ಏನು ಮಾಡಬೇಕೆಂದು ಯೋಚಿಸುವುದಾ, ಸಾಮಾನು ತರುವುದಾ, ಇಲ್ಲ ನಿಂತು ಬೇಯಿಸುವುದಾ? ಕಿಟ್ ಮೊದಲ ಎರಡನ್ನು ಮಾತ್ರ ತಪ್ಪಿಸುತ್ತದೆ. ಈರುಳ್ಳಿ ಹೆಚ್ಚುವುದು, ಬಾಣಲೆ ತೊಳೆಯುವುದು ನಿಮ್ಮ ತಲೆಗೇ. ಕಾರ್ಡಿನಲ್ಲಿ 30 ನಿಮಿಷ ಅಂತಿದ್ದರೆ ಮೊದಮೊದಲು 45 ಅಂದುಕೊಳ್ಳಿ.

ನಿಮ್ಮ ಪತ್ರ ನೋಡಿದರೆ ತೊಂದರೆ ಇರುವುದು ಯೋಚನೆಯಲ್ಲಿ. ಹಾಗಾಗಿ ಮೊದಲು ಆಪ್. ಕಿಟ್ ಬೇಕೆನಿಸಿದರೆ ಆಮೇಲೆ, ಅದೂ ವಾರಕ್ಕೆ ಎರಡು ರಾತ್ರಿಗೆ ಮಾತ್ರ.

ಆಪ್‌ಗಳಲ್ಲಿ ಮೀಲೈಮ್ ಚೆನ್ನಾಗಿದೆ. ಅಡುಗೆ ಆರಿಸಿದರೆ ಸಾಮಾನಿನ ಪಟ್ಟಿ ತಾನೇ ಆಗುತ್ತದೆ. ಆದರೆ ಅದರ ಅಡುಗೆಗಳು ಹೆಚ್ಚಾಗಿ ಪಾಶ್ಚಾತ್ಯ ಶೈಲಿಯವು. ಹುಳಿ, ಗೊಜ್ಜು, ಕೂಟಿನ ಮನೆಗೆ ಪ್ಯಾಪ್ರಿಕಾ ಅನ್ನುವ ಆಪ್ ಹೆಚ್ಚು ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ಅದರಲ್ಲಿ ನಿಮ್ಮ ಅಡುಗೆಯನ್ನು ನೀವೇ ಬರೆದಿಡಬಹುದು. ವೆಬ್‌ನಲ್ಲಿ ಕಂಡದ್ದನ್ನೂ ಉಳಿಸಿಕೊಳ್ಳಬಹುದು. ತಿಂಗಳ ಚಂದಾ ಇಲ್ಲ, ಒಮ್ಮೆ ಕೊಂಡರೆ ಮುಗಿಯಿತು. ಐಫೋನಿಗೂ ಲ್ಯಾಪ್‌ಟಾಪಿಗೂ ಬೇರೆ ಬೇರೆ ಕೊಳ್ಳಬೇಕು, ಅಷ್ಟೇ. ಬರೀ ಸಾಮಾನಿನ ಪಟ್ಟಿ ಇಬ್ಬರ ಫೋನಿನಲ್ಲೂ ಇದ್ದರೆ ಸಾಕು ಅನ್ನುವುದಾದರೆ ಎನಿಲಿಸ್ಟ್ ಹಾಕಿಕೊಳ್ಳಿ. ಪಟ್ಟಿ ಹಂಚಿಕೊಳ್ಳಲು ದುಡ್ಡು ಕೊಡಬೇಕಿಲ್ಲ.

ಈ ಆಪ್‌ಗಳಿಗೆ ನಮ್ಮ ಅಡುಗೆಯ ಒಂದು ಗುಟ್ಟು ಗೊತ್ತಿಲ್ಲ: ನಮ್ಮ ಅರ್ಧ ಅಡುಗೆ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಬುಧವಾರ ಕಡಲೆಕಾಳಿನ ಹುಳಿ ಅಂತ ಹಾಕಿದರೆ ಬುಧವಾರವೇ ತೋರಿಸುತ್ತದೆ. ಆಗ ಕಾಳು ಇನ್ನೂ ಡಬ್ಬಿಯಲ್ಲೇ ಇರುತ್ತದೆ! ಅದಕ್ಕೇ ಮಂಗಳವಾರದ ಜಾಗದಲ್ಲಿ 'ರಾತ್ರಿ ಕಡಲೆಕಾಳು ನೆನೆಹಾಕು' ಅಂತ ಬೇರೆಯಾಗಿ ಬರೆಯಿರಿ. ಶುಕ್ರವಾರ ಬೆಳಿಗ್ಗೆ 'ಅಕ್ಕಿ, ಉದ್ದು ನೆನೆಹಾಕು', ರಾತ್ರಿ 'ರುಬ್ಬು'. ಚಳಿಗಾಲದಲ್ಲಿ ಅಲ್ಲಿ ಹಿಟ್ಟು ಬೇಗ ಹುದುಗುವುದಿಲ್ಲ, ಭಾನುವಾರದ ದೋಸೆಗೆ ಇಷ್ಟು ಸಮಯ ಬೇಕೇ ಬೇಕು. ಏಳು ದಿನಕ್ಕೂ ಹೊಸ ಅಡುಗೆ ಹಾಕಬೇಡಿ. ನಾಲ್ಕು ದಿನದ್ದು ಬರೆಯಿರಿ. ಒಂದು ದಿನ ಉಳಿದದ್ದು, ಒಂದು ದಿನ ಚಿತ್ರಾನ್ನ. ಇನ್ನೊಂದು ದಿನ ಖಾಲಿ ಇರಲಿ.

ಅಂದಹಾಗೆ, ಅಡುಗೆಗಳನ್ನು ಆಪ್‌ನೊಳಗೆ ಮಾತ್ರ ಇಟ್ಟುಕೊಳ್ಳಬೇಡಿ. ಲಕ್ಷಾಂತರ ಜನ ಬಳಸುತ್ತಿದ್ದ ಯಮ್ಲಿ ಅನ್ನುವ ಅಡುಗೆ ಆಪ್ 2024ರ ಕೊನೆಯಲ್ಲಿ ಬಾಗಿಲು ಹಾಕಿತು. ಆಗಾಗ ಒಂದು ಪ್ರತಿ ತೆಗೆದಿಡಿ.

ಈಗ ಕಿಟ್. ನೀವು ಮೊಟ್ಟೆ ತಿನ್ನುವುದಿಲ್ಲ ಅಂದಿರಿ ಅಲ್ವಾ? ಅಲ್ಲಿನ 'ವೆಜ್ಜಿ' ಅಂದರೆ ಮಾಂಸ, ಮೀನು ಇಲ್ಲ ಅಂತ ಮಾತ್ರ. ಮೇಯೋನೀಸ್, ಬ್ರಿಯೋಶ್ ಬನ್, ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಅಸಲಿ ಪಾರ್ಮೆಸಾನ್ ಚೀಸ್ ಮಾಡುವುದು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಗಟ್ಟಿ ಮಾಡುವ ರೆನೆಟ್ ಹಾಕಿ. ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ. ನಮ್ಮಲ್ಲಿಯ ಹಾಗೆ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹಾಕಲೇಬೇಕೆಂಬ ನಿಯಮ ಅಲ್ಲಿಲ್ಲ. ಆರ್ಡರ್ ಮಾಡುವ ಮುಂಚೆ ಪ್ರತಿ ಅಡುಗೆಯ ಪದಾರ್ಥಗಳ ಪಟ್ಟಿ ಓದಲೇಬೇಕು. ಈ ತಾಪತ್ರಯ ಬೇಡ ಅಂದರೆ ಪರ್ಪಲ್ ಕ್ಯಾರೆಟ್ ಅನ್ನುವ ಕಂಪನಿಯ ಕಿಟ್ ನೋಡಿ. ಅವರದು ಪೂರ್ತಿ ವೀಗನ್, ಹಾಲು ತುಪ್ಪವೂ ಇಲ್ಲ. ತುಪ್ಪ ನೀವು ಹಾಕಿಕೊಳ್ಳಿ, ಯಾರು ಬೇಡ ಅಂತಾರೆ!

ಖರ್ಚು ಲೆಕ್ಕ ಹಾಕಿ. ರಿಯಾಯಿತಿ ಮುಗಿದ ಮೇಲೆ ಒಬ್ಬರ ಒಂದು ಊಟಕ್ಕೆ ಸುಮಾರು 10 ಡಾಲರ್ ಅಂದುಕೊಂಡರೆ ನಾಲ್ವರ ಎರಡು ಊಟಕ್ಕೆ 80 ಡಾಲರ್, ಸಾಗಣೆ ಬೇರೆ. ನಿಮ್ಮ ನ್ಯೂಜೆರ್ಸಿಯ ಎಡಿಸನ್‌ನ ಓಕ್ ಟ್ರೀ ರೋಡಿನ ಭಾರತೀಯ ಅಂಗಡಿಗಳಲ್ಲಿ ಅಷ್ಟು ದುಡ್ಡಿಗೆ ಬೇಳೆ, ತರಕಾರಿ, ಕರಿಬೇವು ಎಲ್ಲ ಸೇರಿ ವಾರ ದಾಟುತ್ತದೆ. ಶುರುವಿನ ಭಾರೀ ರಿಯಾಯಿತಿಗೆ ಮರುಳಾಗಬೇಡಿ, ಕೆಲವು ಬಾಕ್ಸ್ ಆದ ಮೇಲೆ ಪೂರ್ತಿ ಬೆಲೆ ಬೀಳುತ್ತದೆ. ಇವು ವಾರದ ಚಂದಾ. ನೀವು ಏನೂ ಆರಿಸದಿದ್ದರೆ ಅವರೇ ಆರಿಸಿ ಕಳಿಸುತ್ತಾರೆ, ಕಾರ್ಡಿನಿಂದ ದುಡ್ಡೂ ಹೋಗುತ್ತದೆ. ಬೇಡದ ವಾರವನ್ನು ಕೆಲವು ದಿನ ಮುಂಚೆಯೇ 'ಸ್ಕಿಪ್' ಮಾಡಬೇಕು. ಆ ಗಡುವಿಗೆ ಇವತ್ತೇ ಫೋನಿನಲ್ಲಿ ಅಲಾರಂ ಇಡಿ.

ಇಷ್ಟೆಲ್ಲ ಹೇಳಿದರೂ ಕಿಟ್‌ನಲ್ಲಿ ನನಗೆ ಇಷ್ಟವಾದದ್ದು ಒಂದಿದೆ, ಚಿತ್ರಗಳಿರುವ ಆ ಕಾರ್ಡು. ಅಡುಗೆ ಬಾರದವರೂ ಅದನ್ನು ನೋಡಿಕೊಂಡು ಮಾಡಬಹುದು. ಎರಡು ರಾತ್ರಿಯ ಕಿಟ್ ತರಿಸಿದರೆ, ಆ ರಾತ್ರಿ ದಿನಾ ಅಡುಗೆ ಮಾಡುವವರು ಒಲೆ ಹತ್ತಿರ ಹೋಗಬಾರದು. ಇನ್ನೊಬ್ಬರೂ 11 ವರ್ಷದ ಮಗುವೂ ಸೇರಿ ಮಾಡಲಿ. ಉಪ್ಪು, ಖಾರ ಕಮ್ಮಿಯಾದರೆ ಮೇಲೆ ಒಂದು ಒಗ್ಗರಣೆ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಮನೆಗೆ ಅಡುಗೆಯವರು ಬರುತ್ತಾರೆ. ದಿನಾ ಆಫೀಸಿಗೆ ಫೋನ್ ಮಾಡಿ 'ಏನು ಮಾಡ್ಲಿ ಅಕ್ಕ' ಅಂತಾರೆ. ನನಗೂ ಆಪ್ ಬೇಕಾ?

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಭಾನುವಾರ ಅವರ ಜೊತೆ ಹತ್ತು ನಿಮಿಷ ಕೂತು ವಾರದ ಪಟ್ಟಿ ಮಾಡಿ. ಕನ್ನಡದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಓದಲು ಬಾರದಿದ್ದರೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿ. ಕೊತ್ತಂಬರಿ ಮುಗಿದಿದ್ದರೆ ಬ್ಲಿಂಕಿಟ್‌ನವರೋ ಜೆಪ್ಟೋದವರೋ ನಿಮಿಷಗಳಲ್ಲಿ ತಂದುಕೊಡುವ ಊರಲ್ಲಿ ಕಿಟ್ ಯಾಕೆ? ಅವರು ರಜೆ ಹಾಕುವ ದಿನಕ್ಕೆ ಮಾತ್ರ ಒಂದು ಪೊಟ್ಟಣ ದೋಸೆ ಹಿಟ್ಟು, ಅರ್ಧ ಕೆ.ಜಿ. ಶಾವಿಗೆ ಮನೆಯಲ್ಲಿರಲಿ.