ಎರಡು ತಿಂಗಳ ಕೂಸಿಗೆ ನೀರು ಕುಡಿಸಬೇಕೇ?

ಪ್ರಶ್ನೆ: ನನ್ನ ಮಗುವಿಗೆ ಎರಡು ತಿಂಗಳು, ಎದೆಹಾಲು ಮಾತ್ರ ಕುಡಿಯುತ್ತದೆ. ಕಲಬುರಗಿಯ ಬಿಸಿಲಿಗೆ ಬಾಯಿ ಒಣಗೀತೆಂದು ಮನೆಯ ಹಿರಿಯರು ಕಾಯಿಸಿ ಆರಿಸಿದ ನೀರನ್ನು ಒಳಲೆಯಲ್ಲಿ ಹಾಕಲು ಹೇಳುತ್ತಾರೆ. ಹಾಕಬಹುದೇ?

ಉತ್ತರ: ಬೇಡ. ಹಿರಿಯರ ಕಾಳಜಿ ನಿಜವಾದದ್ದೇ. ಆದರೆ ತಾಯಿಯ ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇರುವುದರಿಂದ, ಎಂಥ ಬಿರುಬೇಸಿಗೆಯಲ್ಲೂ ಆರು ತಿಂಗಳು ತುಂಬುವವರೆಗೆ ಮಗುವಿಗೆ ಬೇರೆ ನೀರು ಬೇಕಾಗುವುದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಪುಟ್ಟ ಹೊಟ್ಟೆ ನೀರಿನಿಂದ ತುಂಬಿದರೆ ಮಗು ಚೀಪುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದಂತೆ ನಿಮ್ಮ ಹಾಲೂ ಇಳಿಯುತ್ತದೆ. ಒಳಲೆಯ ಕೊಕ್ಕಿನ ಸಂದಿಯಲ್ಲಿ ಉಳಿದ ಜಿಡ್ಡಿನಿಂದ ಭೇದಿ ತಗಲುವ ಭಯ ಬೇರೆ. ಸೆಕೆಯಲ್ಲಿ ಮಗು ಪದೇ ಪದೇ ಹಾಲು ಕೇಳುತ್ತದೆ. ಕೇಳಿದಾಗಲೆಲ್ಲ, ರಾತ್ರಿಯಲ್ಲೂ, ಕುಡಿಸಿ. ನೀರನ್ನು ಧಾರಾಳವಾಗಿ ಕುಡಿಯಬೇಕಾದವರು ನೀವು. ದಿನಕ್ಕೆ ಆರು ಬಾರಿಯಾದರೂ ತಿಳಿ ಬಣ್ಣದ ಮೂತ್ರ ಮಾಡುತ್ತ ಮಗುವಿನ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ತಿಳಿಯಿರಿ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂಬೇಡಿ, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನಿಂದ ಎಳೆಗೂಸಿಗೆ ಅಪಾಯವಿದೆ. ಮೂತ್ರ ಕಡಿಮೆಯಾಗಿ, ನೆತ್ತಿ ಕುಳಿಬಿದ್ದು, ಮಗು ಮಂಕಾಗಿ ಹಾಲು ಬಿಟ್ಟರೆ ಮನೆಮದ್ದಿಗೆ ಕಾಯದೆ ತಕ್ಷಣ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ.