ತಣ್ಣೀರು ಮತ್ತು 4 ರೂಪಾಯಿ

(ಕಾಪುವಿನ ಓದುಗರೊಬ್ಬರ ಪತ್ರದ ಸಾರ: "ಮನಸ್ಸು ಗಟ್ಟಿಯಾಗಲೆಂದು ಮೂರು ತಿಂಗಳಿಂದ ಬೆಳಗಿನ ಜಾವ 4ಕ್ಕೆ ಎದ್ದು ಬಾವಿಯ ತಣ್ಣೀರು ಸುರಿದುಕೊಳ್ಳುತ್ತಿದ್ದೇನೆ. ಸಕ್ಕರೆ ಬಿಟ್ಟಿದ್ದೇನೆ. ಆದರೂ ಮೇಲಧಿಕಾರಿ ದನಿ ಏರಿಸಿದರೆ ಬಾಯಿ ಕಟ್ಟಿಹೋಗುತ್ತದೆ. ಮೊನ್ನೆ ಮಂಗಳೂರಿನ ಬಸ್ಸಿನಲ್ಲಿ ನಿರ್ವಾಹಕ ಕೊಡಬೇಕಿದ್ದ 4 ರೂಪಾಯಿಯನ್ನೂ ಕೇಳಲಾಗದೆ ಇಳಿದುಬಿಟ್ಟೆ. ದೋಷ ನನ್ನಲ್ಲಿಯೇ?")

ಮಾನ್ಯರೇ,

ದೋಷ ನಿಮ್ಮದಲ್ಲ, ನೀವು ಆರಿಸಿಕೊಂಡ ಕಷ್ಟದ್ದು. ನಮ್ಮ ಕರಾವಳಿಯ ಸೆಕೆಯಲ್ಲಿ ಬಾವಿಯ ನೀರಿನ ಸ್ನಾನವನ್ನು ಕಷ್ಟವೆನ್ನಬೇಕೋ ಸುಖವೆನ್ನಬೇಕೋ ಎಂಬುದು ಬೇರೆ ಮಾತು. ತಣ್ಣೀರು ತಿರುಗಿ ಮಾತನಾಡುವುದಿಲ್ಲ. ಸಕ್ಕರೆ ಡಬ್ಬಿ ನಿಮ್ಮನ್ನು ನೋಡಿ ನಗುವುದಿಲ್ಲ. ನಿಮ್ಮ ಅಂಜಿಕೆಯೆಲ್ಲ ಇರುವುದು ಮನುಷ್ಯರ ಮುಖದೆದುರು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಹಾವಿಗೆ ವಿಪರೀತ ಹೆದರುವವರೊಂದಿಗೆ ಕೆಲಸ ಮಾಡಿದ್ದರು. ಅವರಿಗೆ ಧೈರ್ಯದ ಉಪನ್ಯಾಸ ಕೊಡಲಿಲ್ಲ. ಮೊದಲು ಬೇರೆಯವರು ಹಾವು ಹಿಡಿಯುವುದನ್ನು ನೋಡುವುದು, ಬಳಿಕ ಹತ್ತಿರ ಹೋಗುವುದು, ಕೈಗವಸು ತೊಟ್ಟು ಮುಟ್ಟುವುದು, ಕೊನೆಗೆ ಬರಿಗೈಯಲ್ಲಿ ಹಿಡಿಯುವುದು. 'ನನ್ನಿಂದಾಗುತ್ತದೆ' ಎಂಬ ನಂಬಿಕೆಗೆ ತಾನೇ ಮಾಡಿ ಗೆದ್ದ ಅನುಭವದಷ್ಟು ಬಲ ಬೇರಾವುದರಿಂದಲೂ ಬಾರದೆಂದು 1977ರಲ್ಲಿ ಅವರು ಬರೆದರು. ಹಾವಿಗೆ ಹೆದರುವವನಿಗೆ ಹಾವೇ ಬೇಕು. ಬೆಟ್ಟ ಹತ್ತಿಸಿದರೆ ಕಾಲು ಗಟ್ಟಿಯಾದೀತು, ಅಷ್ಟೆ.

ನನ್ನದೇ ಒಂದು ಕಥೆ. ನಾಲ್ವರೆದುರು ತಪ್ಪು ಮಾಡುವುದೆಂದರೆ ನನಗೆ ಪ್ರಾಣಸಂಕಟ. 46ನೆಯ ವಯಸ್ಸಿನಲ್ಲಿ ಉಡುಪಿಯಲ್ಲಿ ಯಕ್ಷಗಾನದ ಹೆಜ್ಜೆ ಕಲಿಯಲು ಮಕ್ಕಳ ಸಾಲಿನ ಹಿಂದೆ ನಿಂತೆ. ಏಕತಾಳಕ್ಕೇ ಕಾಲು ತೊಡರಿತು. ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಮರುವಾರ ಅವಳೇ ತಿದ್ದಿದಳು. ನಾನು ವೇಷಧಾರಿಯಾಗಲಿಲ್ಲ. ಆದರೆ ಪತ್ರಿಕೆಯಲ್ಲಿ ತಪ್ಪು ಅಚ್ಚಾದಾಗ 'ತಪ್ಪು ನನ್ನದು' ಎಂದು ದೂರವಾಣಿಯಲ್ಲಿ ಹೇಳುವುದು ಆಮೇಲೆ ಸಲೀಸಾಯಿತು.

ಇನ್ನೊಂದು ಮಾತು. ನಿಮ್ಮ ಮೂರು ತಿಂಗಳ ವ್ರತಕ್ಕೆ ಕೊನೆಯೆಂದು? ಶಬರಿಮಲೆಗೆ ಹೊರಟವರ ವ್ರತ 41 ದಿನ, ರಂಜಾನ್ ಉಪವಾಸ ಒಂದು ತಿಂಗಳು, ಕ್ರೈಸ್ತರ ತಪಸ್ಸು ಕಾಲ 40 ದಿನ. ಎಲ್ಲಕ್ಕೂ ಮುಗಿಯುವ ದಿನವಿದೆ, ಜೊತೆಗೆ ಜನವಿದ್ದಾರೆ, ಕೊನೆಗೆ ಊಟವಿದೆ. ನೀವು ಒಬ್ಬರೇ, ನಿದ್ದೆಗೆಟ್ಟು, ಗಡುವಿಲ್ಲದೆ ನಡೆಸಿದ್ದೀರಿ. ಒಂದು ವಾರ ಆರು ಗಂಟೆಯವರೆಗೆ ಮಲಗಿ, ಸಂಪಾದಕರ ಅಪ್ಪಣೆಯಾಗಿದೆಯೆಂದು ಮನೆಯಲ್ಲಿ ಹೇಳಿ.

ಆಮೇಲೆ ಆ 4 ರೂಪಾಯಿ. ಮುಂದಿನ ಸಲ ಚೀಟಿ ಕೈಗೆ ಬಂದಾಗಲೇ ಚಿಲ್ಲರೆ ಕೇಳಿ. 'ಆಮೇಲೆ' ಎಂದರೆ ನಿಮ್ಮ ನಿಲ್ದಾಣಕ್ಕೆ ಮುಂಚೆ ಇನ್ನೊಮ್ಮೆ ಕೇಳಿ. ದನಿ ನಡುಗಿದರೆ ನಡುಗಲಿ. ಇದು ನಾಲ್ಕೈದು ಸಲ ಆದ ಮೇಲೆ ಮೇಲಧಿಕಾರಿಯ ಸರದಿ: ಅವರು ಕೂಗಾಡುವ ಹೊತ್ತಿನಲ್ಲಲ್ಲ, ಮರುದಿನ ಒಳಗೆ ಹೋಗಿ, "ನಿನ್ನೆಯ ಕಡತದ ವಿಚಾರ ಎರಡು ನಿಮಿಷ ಮಾತನಾಡಬೇಕು, ಸಾರ್" ಎಂಬ ಒಂದೇ ವಾಕ್ಯ. ಕೂಗಾಟ ದಿನನಿತ್ಯದ್ದಾಗಿದ್ದರೆ ಮಾತ್ರ ಅದನ್ನು ಮನಸ್ಸಿನ ವ್ಯಾಯಾಮವೆಂದು ಸಹಿಸಬೇಡಿ. ಲಿಖಿತ ದೂರು ಕೊಡಿ.

ಬಸ್ಸಿನಲ್ಲಿ ಏನಾಯಿತೆಂದು ಬರೆಯಿರಿ. 4 ರೂಪಾಯಿ ಸಿಗದಿದ್ದರೂ ಬರೆಯಿರಿ.

— ಸಂ.